ಸಂಸಾರದೊಳಗಿನ ಹಿಂಸೆ: ರಕ್ಷಣಾ ಆದೇಶ ಪಡೆಯುವ ಬಗೆ



ಗುತ್ತಲಿನಲ್ಲಿ ಬಂಧುಗಳೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದಾಗ ವಯಸ್ಸಾದ ತಾಯಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ತಮ್ಮ ಸಂಕಟ ತೋಡಿಕೊಂಡರು. ಮಗಳನ್ನು ಮಳವಳ್ಳಿಯ ಕಡೆಗೆ ಕೊಟ್ಟಿದ್ದಾರೆ. ಅಳಿಯ ಕುಡಿದು ಬಂದು ಹೊಡೆಯುತ್ತಾನೆ. ಕಬ್ಬಿನ ಹಣ ಕೈಗೆ ಬಂದ ವಾರವಂತೂ ಹೇಳತೀರದು. ಹಿರಿಯರು ಎರಡು ಬಾರಿ ಕೂಡಿಸಿ ಬುದ್ಧಿ ಹೇಳಿ, ಮುಚ್ಚಳಿಕೆಯನ್ನೂ ಬರೆಸಿಕೊಂಡಿದ್ದಾರೆ. "ಪೊಲೀಸರಿಗೆ ಹೇಳಿದರೆ ಅಳಿಯ ಜೈಲಿಗೆ ಹೋಗ್ತಾನೆ, ಹೇಳದಿದ್ರೆ ಮಗಳು ಉಳಿಯಲ್ಲ. ಮಧ್ಯೆ ಒಂದು ದಾರಿ ಇಲ್ವೇ ಸ್ವಾಮಿ?" ಎಂದರು.

ದಾರಿಯಿದೆ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯು 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದಕ್ಕೆ ಮುನ್ನ ಬಹುಪಾಲು ಹೆಂಗಸರ ಮುಂದೆ ಇದ್ದದ್ದು, ಗಂಡನ ಮೇಲೆ ಅಪರಾಧದ ಮೊಕದ್ದಮೆ ಹೂಡುವುದು, ಇಲ್ಲವೇ ವಿಚ್ಛೇದನ ಕೇಳುವುದು. ರಕ್ಷಣಾ ಆದೇಶವು ಶಿಕ್ಷೆಯಲ್ಲ, ವಿಚ್ಛೇದನವೂ ಅಲ್ಲ. ಇನ್ನು ಮೇಲೆ ಕೈಯೆತ್ತಕೂಡದು, ಬೆದರಿಸಕೂಡದು ಎಂದು ಮ್ಯಾಜಿಸ್ಟ್ರೇಟರು ಲಿಖಿತವಾಗಿ ವಿಧಿಸುವ ತಡೆ. ಆತ ಅದರಂತೆ ನಡೆದುಕೊಂಡರೆ ಸಂಸಾರ ಸಾಗುತ್ತದೆ. ಮೀರಿದರೆ ಅದು ಅಪರಾಧ: ಒಂದು ವರ್ಷದವರೆಗೆ ಸೆರೆವಾಸ, ಅಥವಾ 20,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಆದೇಶದ ಪ್ರತಿ ಪೊಲೀಸ್ ಠಾಣೆಗೂ ಹೋಗುತ್ತದೆ. ಹಿರಿಯರ ಮುಚ್ಚಳಿಕೆಗೆ ಈ ಬಲವೆಲ್ಲಿ?

ಹಿಂಸೆಯೆಂದರೆ ಪೆಟ್ಟು ಮಾತ್ರವಲ್ಲ. ಹೀನಾಯವಾದ ಬೈಗುಳ, ಮನೆಖರ್ಚಿಗೆ ಹಣ ಕೊಡದಿರುವುದು, ತವರಿನ ಒಡವೆಯನ್ನು ಕಿತ್ತುಕೊಳ್ಳುವುದು ಕೂಡ ಈ ಕಾಯ್ದೆಯ ಪ್ರಕಾರ ಹಿಂಸೆಯೇ. ಸೊಸೆಯಷ್ಟೇ ಅಲ್ಲ, ಮಗನಿಂದ ನೊಂದ ತಾಯಿಯೂ ಅರ್ಜಿ ಹಾಕಬಹುದು.

ಅರ್ಜಿಯನ್ನು ನೇರವಾಗಿ ಮ್ಯಾಜಿಸ್ಟ್ರೇಟರ ನ್ಯಾಯಾಲಯಕ್ಕೆ ಕೊಡಬಹುದು. ಅದು ಕಷ್ಟವೆನಿಸಿದರೆ ಸಂರಕ್ಷಣಾಧಿಕಾರಿಗಳಿದ್ದಾರೆ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೇ ಈ ಹೊಣೆ ವಹಿಸಲಾಗಿದೆ. ಅವರ ಕಛೇರಿ ಎಲ್ಲಿದೆಯೆಂದು ಊರಿನ ಅಂಗನವಾಡಿ ಕಾರ್ಯಕರ್ತೆಗೆ ಗೊತ್ತಿರುತ್ತದೆ. ನಡೆದುದನ್ನು ಹೇಳಿದರೆ ವರದಿ ಬರೆದು ನ್ಯಾಯಾಲಯಕ್ಕೆ ಕಳಿಸುತ್ತಾರೆ. ವಕೀಲರ ಖರ್ಚಿಗೂ ಅಂಜಬೇಕಿಲ್ಲ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ದೊರೆಯುತ್ತಾರೆ. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನಗಳೊಳಗೆ, ತೀರ್ಮಾನಕ್ಕೆ 60 ದಿನಗಳ ಪ್ರಯತ್ನ ಎಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ತಡವಾಗುವುದುಂಟು, ಸುಳ್ಳೇಕೆ ಹೇಳಲಿ. ಆದ್ದರಿಂದಲೇ ಮಧ್ಯಂತರ ಆದೇಶವನ್ನು ಮೊದಲೇ ಕೇಳಬೇಕು. ಆಕೆಯ ಪ್ರಮಾಣಪತ್ರದ ಮೇಲೆಯೇ, ಎದುರು ಪಕ್ಷ ಬರುವ ಮುನ್ನವೂ ಅದನ್ನು ಕೊಡಲು ಅವಕಾಶವಿದೆ. ಪೆಟ್ಟು ಬಿದ್ದ ದಿನವೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಚೀಟಿ ಮಾಡಿಸಿಟ್ಟುಕೊಂಡರೆ ಮುಂದೆ ಬಲು ಅನುಕೂಲ. ಪ್ರಾಣಕ್ಕೇ ಅಪಾಯವೆನಿಸಿದಾಗ ಮಾತ್ರ ಅರ್ಜಿಗೆಂದು ಕಾಯದೆ 112ಕ್ಕೆ ಕರೆ ಮಾಡಬೇಕು. ಸಲಹೆಗೆ ಮಹಿಳಾ ಸಹಾಯವಾಣಿ 181 ಇದೆ.

"ಮನೆ ಮಾವನ ಹೆಸರಿನಲ್ಲಿದೆ, ನಿನಗೇನು ಹಕ್ಕು?" ಎಂದು ಹೊರದಬ್ಬುವವರಿದ್ದಾರೆ. ಅತ್ತೆಮಾವಂದಿರ ಹೆಸರಿನಲ್ಲಿದ್ದರೂ ಆಕೆ ಸಂಸಾರ ಮಾಡಿದ ಮನೆಯಲ್ಲಿ ವಾಸದ ಹಕ್ಕು ಕೇಳಬಹುದೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಹೇಳಿದೆ. ವೃದ್ಧರ ನೆಮ್ಮದಿಯನ್ನೂ ನ್ಯಾಯಾಲಯ ತೂಗಿನೋಡುತ್ತದೆ, ಅದೂ ಸರಿಯೇ.

ಲಿಂಗವಂತರ ಮನೆಗಳಲ್ಲಿ ಇಂಥದ್ದೆಲ್ಲ ಇಲ್ಲವೆನ್ನುವ ಹಿರಿಯರನ್ನು ಕಂಡಿದ್ದೇನೆ. ಹರಿಹರ ಕವಿ ಬರೆದ ಕಥೆಯಲ್ಲಿ ಮಹಾದೇವಿಯಕ್ಕ ಕೌಶಿಕನಿಗೆ ಮೊದಲೇ ನಿಬಂಧನೆ ಹಾಕಿದಳು. ಮೂರು ಬಾರಿ ಮೀರಿದಾಗ ಅರಮನೆಯನ್ನೇ ತೊರೆದಳು. ಆಕೆಯ ಪಟವನ್ನು ಗೋಡೆಗೆ ತೂಗುಹಾಕಿದ ನಾವೇ ಮಗಳಿಗೆ ‘ಸಹಿಸಿಕೋ’ ಎನ್ನುತ್ತೇವೆ.

ಆ ತಾಯಿ ಹೊರಡುವಾಗ ಕೇಳಿದ್ದು ಒಂದೇ: ಮಗಳು ತವರಿಗೆ ಬಂದುಬಿಟ್ಟರೂ ಮಳವಳ್ಳಿಗೇ ಅಲೆಯಬೇಕೇ? ಬೇಕಿಲ್ಲ. ತಾತ್ಕಾಲಿಕವಾಗಿ ನೆಲೆಸಿರುವ ಊರಿನ ನ್ಯಾಯಾಲಯಕ್ಕೂ ಅರ್ಜಿ ಕೊಡಬಹುದು. ಮಗಳು ಗುತ್ತಲಿನಲ್ಲಿದ್ದರೆ ಮಂಡ್ಯದಲ್ಲಿಯೇ ಆಗುತ್ತದೆ.