ದಂಗೆ ಅಡಗಿದ ಮೇಲೆ

ದಂಗೆ ಅಡಗಿದ ದಿನವೇ ನಾಡು ಸುಧಾರಿಸಿತೆಂದು ಭಾವಿಸುವುದು ಆಳುವವರಲ್ಲಿ ಬಹುಕಾಲದಿಂದ ಬೇರೂರಿದ ಭ್ರಮೆಯಾಗಿದೆ. ಆಯುಧಗಳು ಕೆಳಗಿಳಿದುವು, ದಾರಿಗಳು ತೆರೆದುವು, ಕಂದಾಯವು ಮೊದಲಿನಂತೆ ಖಜಾನೆಗೆ ಸೇರತೊಡಗಿತು. ಇನ್ನು ಮಾಡತಕ್ಕದ್ದೇನಿದೆಯೆಂದು ಅವರು ಕೇಳುತ್ತಾರೆ. ದಂಗೆಯನ್ನು ಹುಟ್ಟಿಸಿದ ಅನ್ಯಾಯವು ಕಚೇರಿಯ ಕಡತಗಳಲ್ಲಿ ಹಾಗೆಯೇ ಉಳಿದಿದ್ದರೆ, ಕೆಂಡವು ಬೂದಿಯ ಕೆಳಗೆ ಇದ್ದೇ ಇರುತ್ತದೆಂಬುದನ್ನು ಮರೆಯುತ್ತಾರೆ. ಈ ಮಾತನ್ನು ಈಗ ಎತ್ತಲು ಕಾರಣವುಂಟು.

೨೦೨೫ನೆಯ ಇಸವಿ ಜನವರಿ ೮ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳೆದುರಿಗೆ ಆರು ಮಂದಿ ನಕ್ಸಲರು ಶರಣಾದರು. ಆರರಲ್ಲಿ ನಾಲ್ವರು ಹೆಂಗಸರು. ಚಿಕ್ಕಮಗಳೂರು ಜಿಲ್ಲೆಯ ಮಲೆಸೀಮೆಯವರೂ ಅವರಲ್ಲಿದ್ದರು. ಮಲೆನಾಡಿನ ಈ ಕಲಹವು ಎರಡು ದಶಕಗಳಿಗೂ ಮಿಕ್ಕಿ ನಡೆಯಿತು. ೨೦೦೩ರ ನವೆಂಬರಿನಲ್ಲಿ ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ಪೋಲೀಸರ ಗುಂಡಿಗೆ ಬಲಿಯಾದ ಇಬ್ಬರೂ ಹೆಂಗಸರೇ. ೨೦೦೫ರ ಫೆಬ್ರವರಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ ಸಾಕೇತ್ ರಾಜನ್ ಹತನಾದನು; ೨೦೨೪ರ ನವೆಂಬರಿನಲ್ಲಿ ಹೆಬ್ರಿಯ ಕಾಡಿನಲ್ಲಿ ವಿಕ್ರಂ ಗೌಡನು ಹತನಾದನು. ಕುದುರೆಮುಖದ ರಾಷ್ಟ್ರೀಯ ಉದ್ಯಾನದಿಂದ ತಮ್ಮನ್ನು ಒಕ್ಕಲೆಬ್ಬಿಸುವರೆಂಬ ಭಯವು ಅಲ್ಲಿಯ ಗಿರಿಜನರಲ್ಲಿ ಹಬ್ಬಿತ್ತು. ಆ ಭಯವೇ ಬಂದೂಕು ಹಿಡಿದವರಿಗೆ ಕಾಡಿನಲ್ಲಿ ಎಡೆಮಾಡಿಕೊಟ್ಟಿತು. ಹಿಂಸೆಯ ಮಾರ್ಗವನ್ನು ನಾವು ಎಂದೂ ಸಮರ್ಥಿಸಲಾರೆವು. ಆದರೆ ಆ ಮಾರ್ಗಕ್ಕೆ ಜನರನ್ನು ನೂಕಿದ ಸಂಗತಿಗಳನ್ನು ವಿಚಾರಿಸದೆ ಬಿಡುವುದೂ ವಿವೇಕವಲ್ಲ.

ಇದು ಶೃಂಗೇರಿ, ಕೊಪ್ಪಗಳ ಕಾಡಿನ ಸಂಗತಿ, ಬಯಲುಸೀಮೆಯ ಅಂಚಿನಲ್ಲಿರುವ ಕಡೂರು, ತರೀಕೆರೆ, ಅಜ್ಜಂಪುರಗಳಿಗೆ ಇದರಿಂದೇನೆಂದು ಆ ಊರುಗಳ ವಾಚಕರು ಕೇಳಬಹುದು. ಅವರ ಹಿರಿಯರು ಇದೇ ದಾರಿಯನ್ನು ಒಮ್ಮೆ ತುಳಿದಿದ್ದರೆಂದು ನಾವು ನೆನಪುಮಾಡಿಕೊಡಬೇಕಾಗಿದೆ. ೧೮೩೦ರಲ್ಲಿ ಮೈಸೂರು ಸಂಸ್ಥಾನದ ನಗರ ಸೀಮೆಯಲ್ಲಿ ಎದ್ದ ರೈತರ ದಂಗೆಗೆ ತರೀಕೆರೆಯೂ ಒಂದು ಮುಖ್ಯ ನೆಲೆಯಾಗಿತ್ತು. ಅಂದು ಕಂದಾಯವನ್ನು ಶರ್ತಿನ ಪದ್ಧತಿಯಲ್ಲಿ ವಸೂಲು ಮಾಡುತ್ತಿದ್ದರು. ಇಷ್ಟು ಹಣವನ್ನು ಕೊಟ್ಟೇ ಕೊಡುವೆನೆಂದು ಅಮಲ್ದಾರನು ಸರ್ಕಾರಕ್ಕೆ ಮುಚ್ಚಳಿಕೆ ಬರೆದುಕೊಡುವನು. ಕಡಮೆ ಬಿದ್ದರೆ ಅವನೇ ತುಂಬಬೇಕು. ಮಳೆ ಬಂದರೂ ಹೋದರೂ ಅವನು ರೈತನ ಕಣಜಕ್ಕೆ ಕೈಹಾಕದೆ ಬಿಡುತ್ತಿರಲಿಲ್ಲ. ರೈತರು ಕೂಟಗಳಲ್ಲಿ ನೆರೆದು ತಮ್ಮ ಕಷ್ಟವನ್ನು ಅರಿಕೆ ಮಾಡಿಕೊಂಡರು. ಅರಿಕೆಗೆ ಸರಿಯಾದ ಉತ್ತರ ಬಾರದಿರಲು ಕೂಟವು ದಂಗೆಯಾಯಿತು. ನಗರದ ಸಿಂಹಾಸನಕ್ಕೆ ತಾನೇ ವಾರಸುದಾರನೆಂದು ಬೂದಿ ಬಸವಪ್ಪನು ಹೊರಟನು. ತರೀಕೆರೆಯ ಪಾಳೆಯಗಾರ ಮನೆತನದ ಸರ್ಜಾ ಹನುಮಪ್ಪ ನಾಯಕನು ಅದರಲ್ಲಿ ಸೇರಿದನು. ೧೮೩೪ರಲ್ಲಿ ಅವನನ್ನು ಗಲ್ಲಿಗೇರಿಸಿದರು.

ಆ ದಂಗೆಯನ್ನು ನಿಮಿತ್ತಮಾಡಿಕೊಂಡು ಗೌರ್ನರ್ ಜನರಲ್ ಬೆಂಟಿಂಕನು ೧೮೩೧ರ ಅಕ್ಟೋಬರಿನಲ್ಲಿ ಸಂಸ್ಥಾನದ ಆಡಳಿತವನ್ನೇ ಕಂಪೆನಿಯ ವಶಕ್ಕೆ ತೆಗೆದುಕೊಂಡನು. ಆಮೇಲೆ ಒಂದು ವಿಚಾರಣಾ ಸಮಿತಿಯನ್ನು ನೇಮಿಸಿದನು. ಹಾಕರ್, ಮಾರಿಸನ್, ಮೆಕ್ಲೌಡ್, ಕಬ್ಬನ್ ಎಂಬ ನಾಲ್ವರಿದ್ದ ಆ ಸಮಿತಿಯು ೧೮೩೩ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು; ದಂಗೆಗೆ ದುರಾಡಳಿತವೇ ಕಾರಣವೆಂದು ಅದರ ಅಭಿಪ್ರಾಯವಾಗಿತ್ತು. ಮೊದಲು ರಾಜ್ಯವನ್ನು ಕಸಿದು, ಆಮೇಲೆ ವಿಚಾರಣೆ ನಡೆಸಿದ ಈ ಕ್ರಮವನ್ನು ನ್ಯಾಯವೆಂದು ಕರೆಯಲು ನಮ್ಮಿಂದಾಗದು. ಆದರೆ ನಾವು ಇಲ್ಲಿ ಗಮನಿಸತಕ್ಕ ಸಂಗತಿ ಬೇರೆ. ಪಾಳೆಯಗಾರನನ್ನು ಗಲ್ಲಿಗೇರಿಸಲು ನಾಲ್ಕು ವರ್ಷ ಸಾಕಾಯಿತು. ಆಡಳಿತವು ತಿರುಗಿ ಅರಸರ ಕೈಗೆ ಬಂದು, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆಯು ಕೂಡಿ, ರೈತನ ಅರಿಕೆಗೆ ದಂಗೆಯಲ್ಲದೆ ಬೇರೊಂದು ಮಾರ್ಗವು ತೆರೆಯಬೇಕಾದರೆ ೧೮೮೧ರವರೆಗೆ, ಎಂದರೆ ಐವತ್ತು ವರ್ಷ ಕಾಯಬೇಕಾಯಿತು.

ಕಲಹಪೀಡಿತ ದೇಶಗಳ ಆಡಳಿತವು ಹೇಗೆ ಚೇತರಿಸಿಕೊಳ್ಳುತ್ತದೆಂಬ ವಿಷಯದಲ್ಲಿ ಈಚೆಗೆ ಲೋಕದಲ್ಲಿ ಬಹಳ ಸಂಶೋಧನೆ ನಡೆದಿದೆ. ಅದು ಹೇಳುವುದೂ ಇದನ್ನೇ. ವಿಶ್ವಬ್ಯಾಂಕಿನವರು ೨೦೧೧ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಇಪ್ಪತ್ತನೆಯ ಶತಮಾನದಲ್ಲಿ ಅತಿ ಶೀಘ್ರವಾಗಿ ಸುಧಾರಿಸಿದ ದೇಶಗಳಿಗೂ ಸೈನ್ಯವನ್ನು ರಾಜಕೀಯದಿಂದ ದೂರವಿರಿಸಲು ಸರಾಸರಿ ೧೭ ವರ್ಷ, ಕಚೇರಿಗಳನ್ನು ದಕ್ಷವಾಗಿ ನಡೆಯುವಂತೆ ಮಾಡಲು ೨೦ ವರ್ಷ, ಲಂಚವನ್ನು ಹತೋಟಿಗೆ ತರಲು ೨೭ ವರ್ಷ ಹಿಡಿಯಿತು. ಆದುದರಿಂದ ಶರಣಾಗತಿಯ ದಿನದ ಛಾಯಾಚಿತ್ರವನ್ನು ನೋಡಿ ಕಾರ್ಯ ಮುಗಿಯಿತೆಂದು ಯಾರೂ ಸಮಾಧಾನಪಟ್ಟುಕೊಳ್ಳಬಾರದು.

ಇನ್ನು ಹೆಂಗಸರ ವಿಷಯ. ಕಬ್ಬನ್ನನ ಆಡಳಿತದಲ್ಲಿ ೭೬೯ ಚಿಲ್ಲರೆ ತೆರಿಗೆಗಳು ರದ್ದಾದುವು. ಅವುಗಳ ಪೈಕಿ ಮದುವೆಯಾದರೆ ಒಂದು, ಮಗು ಹುಟ್ಟಿದರೆ ಒಂದು, ಅದಕ್ಕೆ ಹೆಸರಿಟ್ಟರೆ ಒಂದು, ತಲೆಕೂದಲು ತೆಗೆಸಿದರೆ ಒಂದು ತೆರಿಗೆಯಿದ್ದುವು. ಪಾಳೆಯಗಾರನೊಬ್ಬನ ತಪ್ಪಿಸಿಕೊಂಡ ಕುದುರೆಯನ್ನು ಅಜ್ಜಂದಿರು ಹುಡುಕಿಕೊಡಲಿಲ್ಲವೆಂದು ಮೊಮ್ಮಕ್ಕಳು ತೆರಿಗೆ ಕೊಡುತ್ತಿದ್ದ ಹಳ್ಳಿಯೂ ಒಂದಿತ್ತಂತೆ! ಬಾಣಂತಿಯ ಕೋಣೆಯ ಬಾಗಿಲಿಗೆ ಬಂದು ನಿಂತ ತೆರಿಗೆಯ ಭಾರವು ಯಾರ ಮೇಲೆ ಬೀಳುತ್ತಿತ್ತೆಂದು ವಿವರಿಸಬೇಕಾದುದಿಲ್ಲ. ಗಂಡಸು ಕೂಟಕ್ಕೆ ಹೋದಾಗ ಮನೆಯಲ್ಲಿ ಮಕ್ಕಳನ್ನೂ ದನಕರುಗಳನ್ನೂ ಕಾದು, ಜಪ್ತಿಗೆ ಬಂದವನಿಗೆ ಉತ್ತರ ಹೇಳಬೇಕಾದವಳು ಅವಳೇ. ಹೀಗಿದ್ದರೂ ೧೮೮೧ರ ಪ್ರಜಾಪ್ರತಿನಿಧಿ ಸಭೆಯ ೧೪೪ ಸದಸ್ಯರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಹೆಂಗಸೆಂಬ ಕಾರಣದಿಂದ ಮತವಿಲ್ಲವೆಂಬ ಅನರ್ಹತೆಯು ಮೈಸೂರಿನಲ್ಲಿ ತೊಲಗಿದ್ದು ೧೯೨೩ರಲ್ಲಿ. ದಂಗೆಯ ಕಾಲದಿಂದ ಲೆಕ್ಕ ಹಾಕಿದರೆ ತೊಂಬತ್ತಕ್ಕೂ ಹೆಚ್ಚು ವರ್ಷಗಳು ಸಂದಿದ್ದುವು.

ಇದು ನಮ್ಮ ನಾಡಿನ ದೋಷ ಮಾತ್ರವಲ್ಲ. ೧೯೯೨ರಿಂದ ೨೦೧೧ರವರೆಗೆ ಲೋಕದಲ್ಲಿ ನಡೆದ ೩೧ ಮುಖ್ಯ ಶಾಂತಿ ಸಂಧಾನಗಳನ್ನು ವಿಶ್ವಸಂಸ್ಥೆಯ ಮಹಿಳಾ ಶಾಖೆಯವರು ಪರಿಶೀಲಿಸಿದರು. ಒಪ್ಪಂದಕ್ಕೆ ರುಜು ಹಾಕಿದವರಲ್ಲಿ ಹೆಂಗಸರು ನೂರಕ್ಕೆ ನಾಲ್ವರು, ಸಂಧಾನಕ್ಕೆ ಕುಳಿತವರಲ್ಲಿ ನೂರಕ್ಕೆ ಒಂಬತ್ತು ಮಂದಿ ಎಂದು ಕಂಡುಬಂದಿತು. ಸಂಧಾನದಲ್ಲಿ ಹೆಂಗಸರಿಗೆ ಸ್ಥಾನವಿರಬೇಕೆಂದು ಭದ್ರತಾ ಸಮಿತಿಯು ೨೦೦೦ದಲ್ಲಿ ತನ್ನ ೧೩೨೫ನೆಯ ನಿರ್ಣಯದಿಂದ ಸಾರಿದ ಮೇಲೂ ಸ್ಥಿತಿಯು ಹೀಗಿತ್ತು. ಆಫ್ರಿಕಾದ ಲೈಬೀರಿಯದಲ್ಲಿ ಬಿಳಿಯ ಬಟ್ಟೆಯುಟ್ಟ ಹೆಂಗಸರು ಮಳೆಬಿಸಿಲೆನ್ನದೆ ಕುಳಿತು ಯುದ್ಧ ನಿಲ್ಲಿಸಿರೆಂದು ಹಟಹಿಡಿದರು. ೨೦೦೩ರಲ್ಲಿ ಸಂಧಾನವು ನಡೆಯುತ್ತಿದ್ದ ಅಕ್ರಾ ನಗರದಲ್ಲಿ, ಒಪ್ಪಂದವಾಗದೆ ಯಾರೂ ಹೊರಗೆ ಹೋಗಕೂಡದೆಂದು ಸಭಾಂಗಣದ ಬಾಗಿಲನ್ನೇ ಅಡ್ಡಗಟ್ಟಿದರು. ಅವರ ಮುಂದಾಳು ಲೇಮಾ ಬೋವಿಯವರಿಗೆ ೨೦೧೧ರಲ್ಲಿ ನೊಬೆಲ್ ಶಾಂತಿ ಪಾರಿತೋಷಕದಲ್ಲಿ ಭಾಗ ದೊರೆಯಿತು. ಕರೆಯದೆ ಬಂದವರಿಂದಲೇ ಕೆಲಸವು ಕೈಗೂಡಿತು.

ಇದಕ್ಕೊಂದು ಆಕ್ಷೇಪಣೆಯುಂಟು. ಹೆಂಗಸರ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಆಡಳಿತವು ಶುದ್ಧವಾಗುವುದೇ ಎಂದು ಕೆಲವರು ಕೇಳುತ್ತಾರೆ. ಕೇಳತಕ್ಕ ಪ್ರಶ್ನೆಯೇ ಸರಿ. ೧೯೯೪ರ ನರಮೇಧದಿಂದ ಎದ್ದುಬಂದ ರುವಾಂಡಾ ದೇಶದ ಕೆಳಮನೆಯಲ್ಲಿ ನೂರಕ್ಕೆ ೬೦ಕ್ಕೂ ಹೆಚ್ಚು ಮಂದಿ ಹೆಂಗಸರೇ ಇದ್ದಾರೆ. ಆದರೂ ಅಲ್ಲಿ ಅಧಿಕಾರವು ಒಂದೇ ಕೈಯಲ್ಲಿದೆಯೆಂಬ ದೂರು ತಪ್ಪಿಲ್ಲ. ನಮ್ಮ ಹಳ್ಳಿಗಳಲ್ಲಿ ಹೆಂಡತಿ ಅಧ್ಯಕ್ಷಿಣಿಯಾಗಿ, ಗಂಡನು ಕುರ್ಚಿಯಲ್ಲಿ ಕುಳಿತುಕೊಳ್ಳುವ ನಗೆಪಾಟಲನ್ನು ಯಾರು ಕಂಡಿಲ್ಲ? ಆದರೆ ಇದಕ್ಕೆ ಪರಿಹಾರವು ಹೆಂಗಸನ್ನು ಏಳಿಸುವುದಲ್ಲ, ಗಂಡನನ್ನು ಏಳಿಸುವುದು. ಬಂಗಾಳದ ಬೀರ್‌ಭೂಮ್ ಮತ್ತು ರಾಜಸ್ಥಾನದ ಉದಯಪುರ ಜಿಲ್ಲೆಗಳ ಪಂಚಾಯತಿಗಳನ್ನು ಕುರಿತು ೨೦೦೪ರಲ್ಲಿ ಪ್ರಕಟವಾದ ಚಟ್ಟೋಪಾಧ್ಯಾಯ ಮತ್ತು ಡುಫ್ಲೋ ಅವರ ಸಂಶೋಧನೆಯು ಇಲ್ಲಿ ಉಪಯುಕ್ತವಾಗಿದೆ. ಮೀಸಲಾತಿಯಿಂದ ಹೆಂಗಸರು ಅಧ್ಯಕ್ಷರಾದ ಕಡೆ ಕುಡಿಯುವ ನೀರಿಗೆ ಹೆಚ್ಚು ಹಣ ವೆಚ್ಚವಾಗಿತ್ತು; ಆ ಹಳ್ಳಿಗಳ ಹೆಂಗಸರು ಪಂಚಾಯತಿಗೆ ಹೆಚ್ಚಾಗಿ ದೂರುತ್ತಿದ್ದುದೂ ನೀರಿನ ವಿಷಯವನ್ನೇ. ಕರ್ನಾಟಕವು ಈ ದಾರಿಯಲ್ಲಿ ಇತರರಿಗಿಂತ ಮೊದಲು ಹೆಜ್ಜೆಯಿಟ್ಟಿತೆಂಬುದು ನಮಗೆ ಹೆಮ್ಮೆಯ ವಿಷಯ. ನಜೀರ್ ಸಾಬರು ಮಂತ್ರಿಗಳಾಗಿದ್ದಾಗ ಬಂದ ೧೯೮೩ರ ಶಾಸನವು ನೂರಕ್ಕೆ ೨೫ ಸ್ಥಾನಗಳನ್ನು ಹೆಂಗಸರಿಗೆ ಮೀಸಲಿಟ್ಟಿತು. ೧೯೮೭ರಲ್ಲಿ ಅದರಂತೆ ಚುನಾವಣೆಯೂ ನಡೆಯಿತು. ಈಗ ಅದು ಅರ್ಧಕ್ಕೆ ಏರಿದೆ.

ಪಂಚಾಯತಿಯಲ್ಲಿ ಸ್ಥಾನವು ಸಿಕ್ಕಿತು, ಪಹಣಿಯಲ್ಲಿ ಸಿಕ್ಕಿತೇ? ವಿಧವೆಯರ ಹಕ್ಕಿಗೆ ಮೈಸೂರಿನ ೧೯೩೩ರ ಶಾಸನವಾಯಿತು. ಹೆಣ್ಣುಮಕ್ಕಳಿಗೆ ಸಮಪಾಲೆಂದು ೨೦೦೫ರಲ್ಲಿ ಕೇಂದ್ರದ ಶಾಸನವಾಯಿತು. ಅರಣ್ಯವಾಸಿಗಳ ೨೦೦೬ರ ಶಾಸನವು ಹಕ್ಕುಪತ್ರವನ್ನು ಗಂಡಹೆಂಡಿರಿಬ್ಬರ ಹೆಸರಿನಲ್ಲೂ ಜಂಟಿಯಾಗಿ ಬರೆಯಬೇಕೆಂದು ವಿಧಿಸಿತು. ಶಾಸನಗಳಿಗೆ ಕೊರತೆಯಿಲ್ಲ. ಗಂಡನು ತೀರಿಕೊಂಡ ಹೆಂಗಸು ಪೌತಿ ಖಾತೆಗೆಂದು ತಾಲ್ಲೂಕು ಕಚೇರಿಗೆ ಬಂದರೆ, ವಂಶವೃಕ್ಷವನ್ನು ತಾ, ಮೈದುನನ ಒಪ್ಪಿಗೆಯನ್ನು ತಾ, ನಾಳೆ ಬಾ ಎಂಬ ಮಾತುಗಳಲ್ಲಿ ಆ ಶಾಸನಗಳೆಲ್ಲವೂ ಕರಗಿಹೋಗುತ್ತವೆ. ಖಾತೆಯಿಲ್ಲದೆ ಸಾಲವಿಲ್ಲ, ಬೆಳೆನಷ್ಟಕ್ಕೆ ಪರಿಹಾರವಿಲ್ಲ. ಅಂದಿನ ಶರ್ತಿನ ಅಮಲ್ದಾರನು ಕಣಜಕ್ಕೆ ಕೈಹಾಕುತ್ತಿದ್ದನು. ಇಂದು ಹಾಗೆ ಮಾಡುವವರಿಲ್ಲ. ಆದರೆ ಅರಿಕೆಗೆ ಉತ್ತರ ಬಾರದಿರುವ ಕಷ್ಟವು ಅಂದಿಗೂ ಇಂದಿಗೂ ಒಂದೇ.

ಆದುದರಿಂದ ಸರ್ಕಾರದವರಲ್ಲಿ ನಾವು ಕೆಲವು ಮಾತುಗಳನ್ನು ಅರಿಕೆ ಮಾಡುತ್ತೇವೆ. ಶರಣಾದವರ ಮೊಕದ್ದಮೆಗಳು ವರ್ಷಗಟ್ಟಲೆ ಕೊಳೆಯದಂತೆ ಬೇಗನೆ ವಿಚಾರಣೆಯಾಗತಕ್ಕದ್ದು. ಕೊಟ್ಟ ಮಾತಿನಂತೆ ಅವರ ಜೀವನಕ್ಕೆ ದಾರಿಯಾಗಬೇಕು. ಅವರಲ್ಲಿ ಹೆಂಗಸರಾದವರಿಗೆ ಊರಿಗೆ ಮರಳಿ ಮಾನವಾಗಿ ಬಾಳುವ ಅನುಕೂಲವು ಹಣಕ್ಕಿಂತ ಮುಖ್ಯವೆಂಬುದನ್ನು ಅಧಿಕಾರಿಗಳು ನೆನಪಿನಲ್ಲಿಡಬೇಕು. ಮಲೆಸೀಮೆಯ ತಾಲ್ಲೂಕುಗಳಲ್ಲಿ ಅರಣ್ಯ ಹಕ್ಕಿನ ಅರ್ಜಿಗಳನ್ನು ಗ್ರಾಮಸಭೆಯ ಮುಂದೆ ಓದಿ ಇತ್ಯರ್ಥ ಮಾಡಬೇಕು. ಆ ಸಭೆಯಲ್ಲಿ ಮೂರನೆಯ ಒಂದು ಭಾಗದಷ್ಟಾದರೂ ಹೆಂಗಸರಿರಬೇಕೆಂಬ ನಿಯಮವು ಕಾಗದದಲ್ಲಿ ಮಾತ್ರ ನಡೆಯಬಾರದು.

ಬಯಲಿನ ತಾಲ್ಲೂಕುಗಳಿಗೂ ಒಂದು ಕೆಲಸವುಂಟು. ಕಡೂರು ೧೯೪೭ರವರೆಗೆ ಇಡೀ ಜಿಲ್ಲೆಗೆ ತನ್ನ ಹೆಸರನ್ನು ಕೊಟ್ಟ ಊರು. ತರೀಕೆರೆಯು ದಂಗೆಯ ಫಲವನ್ನು ಉಂಡ ಊರು. ಅಜ್ಜಂಪುರವು ಈಚೆಗೆ ತರೀಕೆರೆಯಿಂದ ಬೇರೆಯಾಗಿ ತಾಲ್ಲೂಕಿನ ಪದವಿಗೆ ಬಂದದ್ದು. ಹೊಸ ಕಚೇರಿಯಲ್ಲಿ ಹಳೆಯ ಅಭ್ಯಾಸಗಳು ಬೇರೂರುವ ಮೊದಲೇ ಒಳ್ಳೆಯ ಪದ್ಧತಿಯನ್ನು ಹಾಕುವುದು ಸುಲಭ. ಈ ಮೂರು ತಾಲ್ಲೂಕುಗಳಲ್ಲಿ ಹೆಂಗಸರ ಹೆಸರಿನಲ್ಲಿ ಎಷ್ಟು ಖಾತೆಗಳಿವೆ, ಪೌತಿ ಖಾತೆಗೆ ಬಂದ ಅರ್ಜಿಗಳೆಷ್ಟು, ತೀರ್ಮಾನವಾದುವೆಷ್ಟು, ಎಷ್ಟು ದಿನ ಹಿಡಿಯಿತು ಎಂಬ ಲೆಕ್ಕವನ್ನು ಪ್ರತಿ ವರ್ಷವೂ ಗ್ರಾಮ ಪಂಚಾಯತಿಯ ಜಮಾಬಂದಿಯ ಹೊತ್ತಿಗೆ ಎಲ್ಲರೂ ಕೇಳುವಂತೆ ಓದಲಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯವು ಇಲ್ಲಿಗೆ ದೂರವಲ್ಲ. ಅಲ್ಲಿಯ ವಿದ್ವಾಂಸರು ದೂರದೇಶಗಳ ಕಲಹಗಳನ್ನು ಓದುವುದರ ಜೊತೆಗೆ, ಕಾಡಿನ ಅಂಚಿನ ಮನೆಗಳಿಗೂ ಹೋಗಿ ಅಲ್ಲಿಯ ಹೆಂಗಸರನ್ನು ಕೇಳಿ ಬರೆಯಲಿ. ೧೮೩೩ರ ಸಮಿತಿಯಲ್ಲಿದ್ದ ನಾಲ್ವರೂ ಪರದೇಶದ ಗಂಡಸರು. ನಮ್ಮ ನಾಡಿನ ಕಷ್ಟಸುಖಗಳನ್ನು ನಾವೇ ವಿಚಾರಿಸಿಕೊಳ್ಳುವ ಕಾಲವು ಬಂದು ಬಹಳ ವರ್ಷಗಳಾದುವು.

ಇದಕ್ಕೆ ದೊಡ್ಡ ಮೊತ್ತವೇನೂ ಬೇಕಾಗದು. ಬೇಕಾದುದು ಬಾಗಿಲಿಗೆ ಬಂದವಳ ಅರ್ಜಿಗೆ ಗೊತ್ತಾದ ದಿನದಲ್ಲಿ ಉತ್ತರ ಕೊಡುವ ಶ್ರದ್ಧೆ. ನಗರದ ರೈತರು ಮೊದಲು ಕೂಡಿದ್ದು ಬಂದೂಕಿಗಾಗಿ ಅಲ್ಲ, ಅರಿಕೆಗಾಗಿ. ತಾಲ್ಲೂಕು ಕಚೇರಿಯಲ್ಲಿ ಕುಳಿತಿರುವ ಪ್ರತಿಯೊಬ್ಬ ಅಧಿಕಾರಿಯೂ ಈ ಸಂಗತಿಯನ್ನು ದಿನಕ್ಕೊಮ್ಮೆಯಾದರೂ ಸ್ಮರಿಸಲೆಂದು ಕೋರುತ್ತೇವೆ.