ಆರಾಮ ಇದ್ದೀರೇನ್ರಿ?

ನಮ್ಮ ಧಾರವಾಡದ ಕಡೆ ಇಬ್ಬರು ಎದುರಾದರೆ ಮೊದಲ ಮಾತೇ ‘ಆರಾಮ ಇದ್ದೀರೇನ್ರಿ?’. ಮೈಯಲ್ಲಿ ಹುಷಾರಿಲ್ಲದಿದ್ದರೆ ‘ಆರಾಮಿಲ್ಲ’ ಅನ್ನುತ್ತೇವೆ. ವಿಶ್ರಾಂತಿಗೂ ಆರೋಗ್ಯಕ್ಕೂ ನಮ್ಮಲ್ಲಿ ಒಂದೇ ಪದ. ಎರಡು ದಶಕಗಳಿಂದ ಪುಣೆಯಲ್ಲಿ ದುಡಿಯುತ್ತಿರುವ ನನಗೆ ಆ ಪದದ ಅರ್ಥ ತಿಳಿದದ್ದು ಮಾತ್ರ ರಷ್ಯಾದ ಕಿಸ್ಲೊವೊದ್‌ಸ್ಕ್ ಎಂಬ ಊರಿನಲ್ಲಿ.

2019ರ ಅಕ್ಟೋಬರ್. ಯಂತ್ರ ಖರೀದಿಯ ಕೆಲಸಕ್ಕೆ ಮಾಸ್ಕೋಗೆ ಹೋಗಿದ್ದೆ. ಊಟದ ಮೇಜಿನಲ್ಲಿ ನಾನು ಬಿಪಿ ಮಾತ್ರೆ ನುಂಗುವುದನ್ನು ನೋಡಿದ ಅಲ್ಲಿನ ಹಿರಿಯ ಎಂಜಿನಿಯರ್, ‘ಕೆಲಸ ಮುಗಿದ ಮೇಲೆ ಎರಡು ವಾರ ಸ್ಯಾನಟೋರಿಯಂಗೆ ಹೋಗಿ’ ಎಂದರು. ಸ್ಯಾನಟೋರಿಯಂ ಎಂದರೆ ನನ್ನ ತಲೆಯಲ್ಲಿದ್ದದ್ದು ಕ್ಷಯರೋಗಿಗಳ ಆಸ್ಪತ್ರೆ. ಅವರು ನಕ್ಕರು. ಅವರ ತಾಯಿ, ತಂದೆ, ಅವರು, ಈಗ ಅವರ ಮಗಳು ಎಲ್ಲರೂ ಅಲ್ಲಿಗೆ ಹೋಗಿ ಬಂದವರೇ. ವೀಸಾದಲ್ಲಿ ದಿನಗಳು ಉಳಿದಿದ್ದವು, ಧೈರ್ಯ ಮಾಡಿದೆ.

ಮಿನರಾಲ್ನಿಯೆ ವೋದಿಗೆ ವಿಮಾನ, ಅಲ್ಲಿಂದ ಲೋಕಲ್ ರೈಲು. ಕಾಕಸಸ್ ಬೆಟ್ಟಗಳ ತಪ್ಪಲಿನ ಈ ಸೀಮೆಯ ಖನಿಜ ನೀರಿನ ಬುಗ್ಗೆಗಳನ್ನು ಚಕ್ರವರ್ತಿ ಒಂದನೇ ಅಲೆಕ್ಸಾಂಡರ್ 1803ರಲ್ಲೇ ರಾಜ್ಯಕ್ಕೆ ಮಹತ್ವದವು ಎಂದು ಮಾನ್ಯ ಮಾಡಿದ್ದ. ಕಿಸ್ಲೊವೊದ್‌ಸ್ಕ್ ಎಂದರೆ ‘ಹುಳಿನೀರಿನ ಊರು’. ಅಲ್ಲಿನ ನೀರಿನ ಹೆಸರು ನರ್ಜಾನ್. ಸ್ಥಳೀಯ ಐತಿಹ್ಯದ ವೀರರಾದ ನಾರ್ತರ ಪಾನೀಯ. ಸೋಡಾದಂತೆ ನೊರೆಯುವ, ಸ್ವಲ್ಪ ಕಬ್ಬಿಣದ ರುಚಿಯ ನೀರು.

ರೆಸಾರ್ಟ್ ಎಂದುಕೊಂಡು ಹೋದವನಿಗೆ ಸಿಕ್ಕಿದ್ದು ಹಾಸ್ಟೆಲ್ ಮತ್ತು ಆಸ್ಪತ್ರೆಯ ನಡುವಿನ ಒಂದು ಜಾಗ. ಪಾಸ್‌ಪೋರ್ಟ್ ತೆಗೆದುಕೊಂಡು ವಿದೇಶಿಯನ ನೋಂದಣಿ ಮಾಡಿದರು. ಇಸಿಜಿ, ರಕ್ತ ಪರೀಕ್ಷೆ ಆದವು. ವೈದ್ಯೆ ಫೋನಿನ ಅನುವಾದಕದ ಮೂಲಕ ಕೇಳಿದ ಮೊದಲ ಪ್ರಶ್ನೆ: ‘ಕೊನೆಯ ಬಾರಿ ವಿಶ್ರಾಂತಿ ಪಡೆದದ್ದು ಯಾವಾಗ?’ ನಾನು ಮೇ ತಿಂಗಳ ಹನ್ನೊಂದು ದಿನದ ರಜೆಯ ಲೆಕ್ಕ ಕೊಟ್ಟೆ. ತಂಗಿಯ ಮಗಳ ಮದುವೆ, ಸೋದರಮಾವನ ಮನೆಯ ಗೃಹಪ್ರವೇಶ, ಹೊಲದ ಪಹಣಿಗಾಗಿ ತಹಶೀಲ್ದಾರ್ ಕಚೇರಿ. ಆಕೆ ಬರೆದುಕೊಳ್ಳುವುದನ್ನು ನಿಲ್ಲಿಸಿ, ‘ಇದು ಕೆಲಸ. ನಾನು ಕೇಳಿದ್ದು ವಿಶ್ರಾಂತಿ’ ಎಂದರು. ನನ್ನ ಬಳಿ ಉತ್ತರ ಇರಲಿಲ್ಲ.

ಮರುದಿನದಿಂದ ಕೈಯಲ್ಲಿ ಒಂದು ಪುಸ್ತಿಕೆ, ಅದರಲ್ಲಿ ಗಂಟೆಗಂಟೆಯ ವೇಳಾಪಟ್ಟಿ. ಊಟಕ್ಕೆ ಅರ್ಧ ಗಂಟೆ ಮೊದಲು ನರ್ಜಾನ್, ಅದೂ ಗುಟುಕು ಗುಟುಕಾಗಿ. ದಿನ ಬಿಟ್ಟು ದಿನ ನರ್ಜಾನ್ ಸ್ನಾನ. ಉಗುರುಬೆಚ್ಚಗಿನ ತೊಟ್ಟಿಯಲ್ಲಿ ಹತ್ತು ಹನ್ನೆರಡು ನಿಮಿಷ ಅಲ್ಲಾಡದೆ ಮಲಗಬೇಕು. ಮೈತುಂಬ ಸಣ್ಣ ಗುಳ್ಳೆಗಳು ಮೆತ್ತಿಕೊಳ್ಳುತ್ತವೆ. ನಾನು ಮೊಬೈಲ್ ಹಿಡಿದು ಒಳಗೆ ಹೋದಾಗ ನರ್ಸ್ ಗದರಿದರು. ಭಾಷೆ ಬಾರದಿದ್ದರೂ ಗದರಿಕೆ ಅರ್ಥವಾಗುತ್ತದೆ. ಸಂಜೆ ನಡಿಗೆ. ದೂರ ಮತ್ತು ಏರು ಲೆಕ್ಕಹಾಕಿ ಗುರುತು ಮಾಡಿದ ದಾರಿಗಳಿವೆ, ‘ತೆರೆನ್‌ಕೂರ್’ ಎನ್ನುತ್ತಾರೆ. ಯಾರು ಯಾವ ದಾರಿಯಲ್ಲಿ ಎಷ್ಟು ನಡೆಯಬೇಕು ಎಂದು ವೈದ್ಯರೇ ಬರೆದುಕೊಡುತ್ತಾರೆ. ಆಕಾಶ ತಿಳಿಯಾಗಿದ್ದ ಬೆಳಿಗ್ಗೆ ಮೇಲಿನ ಉದ್ಯಾನದಿಂದ 5,642 ಮೀಟರ್ ಎತ್ತರದ ಎಲ್ಬ್ರುಸ್‌ನ ಎರಡು ಬಿಳಿ ಶಿಖರಗಳು ಕಂಡವು.

ಊಟವೂ ನಂಬರಿನ ಪ್ರಕಾರ. ಪೆವ್ಜ್ನರ್ ಎಂಬ ವೈದ್ಯ ರೂಪಿಸಿದ ಪಥ್ಯದ ಪದ್ಧತಿಯಲ್ಲಿ 1ರಿಂದ 15ರವರೆಗೆ ‘ಮೇಜು’ಗಳಿವೆ; 9 ಸಕ್ಕರೆ ಕಾಯಿಲೆಗೆ, 10 ಹೃದಯಕ್ಕೆ. ನನ್ನದು 10. ಸಸ್ಯಾಹಾರಿ ಎಂದಾಗ ಅಡುಗೆಯವರು ಕಂಗಾಲಾದರು, ಆಮೇಲೆ ಹುರುಳಿಕಾಳಿನ ಗಾತ್ರದ ಗ್ರೆಚ್ಕಾ ಗಂಜಿ, ಬೀಟ್‌ರೂಟ್ ಪಲ್ಯ, ಮೃದುವಾದ ತ್ವೊರೊಗ್ ಪನೀರು ಬಂದವು. ರಾತ್ರಿ ಮಲಗುವ ಮುನ್ನ ಒಂದು ಲೋಟ ಕೆಫೀರ್. ಹುಳಿ ಮಜ್ಜಿಗೆಯ ಈ ಸೋದರಿ ಹುಟ್ಟಿದ್ದೇ ಆ ಕಾಕಸಸ್ ಬೆಟ್ಟಗಳಲ್ಲಿ. ಹತ್ತಕ್ಕೆ ದೀಪ ಬಂದ್.

ಮೂರನೆಯ ದಿನ ಅವ್ವನ ಫೋನ್: ‘ಏನಪಾ, ಆರಾಮಿಲ್ಲೇನು? ದವಾಖಾನಿಗೆ ಸೇರೀದಿ ಅಂತ ಹೇಳಿದ್ರು. ಅಷ್ಟು ದಿನ ರಜಾ ಇತ್ತಂದ್ರ ಊರಿಗರ ಬರಬಾರದಾ?’ ಆ ಪ್ರಶ್ನೆಗೆ ಹೊರನಾಡಿನ ಯಾವ ಕನ್ನಡಿಗನ ಬಳಿ ಸುಲಭದ ಉತ್ತರವಿದೆ ಹೇಳಿ!

ನನ್ನ ಊಟದ ಮೇಜಿಗೆ ಸೈಬೀರಿಯಾದ ಒಬ್ಬ ಅಜ್ಜಿ ಬರುತ್ತಿದ್ದರು, ನಿವೃತ್ತ ರೈಲ್ವೆ ನೌಕರರು. ಮೂವತ್ತರ ಹರೆಯದಲ್ಲಿ ಕಾರ್ಮಿಕ ಸಂಘ ಕೊಟ್ಟ ‘ಪುತ್ಯೋವ್ಕಾ’ ಚೀಟಿಯ ಮೇಲೆ ಮೊದಲ ಬಾರಿ ಇಲ್ಲಿಗೆ ಬಂದಿದ್ದರಂತೆ. 1936ರ ಸೋವಿಯತ್ ಸಂವಿಧಾನ ವಿಶ್ರಾಂತಿಯನ್ನು ಹಕ್ಕು ಎಂದು ಬರೆದಿತ್ತು. ಅದರಲ್ಲಿ ಹುಳುಕೂ ಇತ್ತು: ಒಳ್ಳೆಯ ಕೋಣೆಗಳು ದೊಡ್ಡವರ ಪಾಲಾಗುತ್ತಿದ್ದವು, ಚೀಟಿ ಒಬ್ಬರಿಗೇ ಸಿಕ್ಕು ಗಂಡ ಹೆಂಡತಿ ಬೇರೆ ಬೇರೆ ಹೋಗುತ್ತಿದ್ದರು, ಉದ್ದೇಶ ಕೂಡ ಕಾರ್ಮಿಕನನ್ನು ರಿಪೇರಿ ಮಾಡಿ ಯಂತ್ರದ ಮುಂದೆ ಮತ್ತೆ ನಿಲ್ಲಿಸುವುದೇ ಆಗಿತ್ತು. ಆದರೂ ಆ ಅಜ್ಜಿಗೆ ವಿಶ್ರಾಂತಿಯ ಬಗ್ಗೆ ಸಂಕೋಚವಿರಲಿಲ್ಲ.

ನನ್ನ ಅಪ್ಪನೂ ರೈಲ್ವೆ ನೌಕರರೇ. ರಜೆ ಹಾಕದಿರುವುದೇ ಅವರ ಹೆಮ್ಮೆ. ನಿವೃತ್ತಿಯ ದಿನ ಉಳಿದ ರಜೆಗೆ ಹಣ ಬಂತು, ಆ ಹಣದಲ್ಲಿ ಮನೆಗೆ ಮಹಡಿ ಕಟ್ಟಿಸಿದರು. ಅಲ್ಲಿ ಕುಳಿತು ಚಹಾ ಕುಡಿಯಲು ಅವರಿಗೆ ಸಿಕ್ಕಿದ್ದು ಎರಡೇ ವರ್ಷ. ನಾನೂ ಪ್ರತಿ ಮಾರ್ಚ್‌ನಲ್ಲಿ ರಜೆ ಮಾರಿದವನೇ.

ಇಂದಿನ ರಷ್ಯಾದ ಕಾರ್ಮಿಕ ಕಾನೂನಿನಲ್ಲಿ ವರ್ಷಕ್ಕೆ ಕನಿಷ್ಠ 28 ದಿನಗಳ ರಜೆ. ತುಂಡು ಮಾಡಿದರೂ ಒಂದು ತುಂಡು 14 ದಿನಕ್ಕಿಂತ ಕಡಿಮೆ ಇರುವಂತಿಲ್ಲ. ಕೆಲಸದಲ್ಲಿರುವಾಗ ಆ 28 ದಿನಗಳನ್ನು ಹಣಕ್ಕೆ ಬದಲಿಸಿಕೊಳ್ಳುವಂತೆಯೂ ಇಲ್ಲ. ನಮ್ಮ ಸಂವಿಧಾನದ 43ನೇ ವಿಧಿಯೂ ಕಾರ್ಮಿಕರ ಬಿಡುವಿನ ಮಾತಾಡುತ್ತದೆ, ಆದರೆ ಅದು ನಿರ್ದೇಶಕ ತತ್ವ; ಕೋರ್ಟಿನಲ್ಲಿ ಕೇಳುವಂತಿಲ್ಲ. ನಮ್ಮ ಕಂಪನಿಗಳಲ್ಲಿ ಸತತ ಹತ್ತು ದಿನ ರಜೆ ಕೇಳಿದರೆ ಮ್ಯಾನೇಜರ್ ‘ಮನೆಯಲ್ಲಿ ಏನಾದರೂ ತೊಂದರೆಯಾ?’ ಎನ್ನುತ್ತಾರೆ. ತೊಂದರೆ ಇದ್ದರಷ್ಟೇ ರಜೆ ಎಂಬುದು ನಮ್ಮ ಒಪ್ಪಂದ.

ಹೊರಡುವ ದಿನ ನನ್ನ ಬಿಪಿ 150/100ರಿಂದ 130/84ಕ್ಕೆ ಇಳಿದಿತ್ತು. ನರ್ಜಾನ್‌ನ ಮಹಿಮೆ ಎಂದು ನಾನು ಹೇಳಲಾರೆ, ಮಾತ್ರೆಯನ್ನೂ ಬಿಟ್ಟಿರಲಿಲ್ಲ. ನನಗೆ ಗೊತ್ತಾದದ್ದು ಇಷ್ಟೇ: ಮೊದಲ ಐದು ದಿನ ತಲೆಯೊಳಗೆ ಪುಣೆಯ ಆಫೀಸೇ ನಡೆಯುತ್ತಿತ್ತು. ಆರನೆಯ ದಿನದಿಂದ ನಿದ್ದೆ ಬಂತು. ಶನಿವಾರ ಭಾನುವಾರಕ್ಕೆ ಒಂದು ದಿನ ಅಂಟಿಸಿದ ನಮ್ಮ ರಜೆ ಆ ಆರನೆಯ ದಿನವನ್ನು ತಲುಪುವುದೇ ಇಲ್ಲ.

ಇದಕ್ಕಾಗಿ ರಷ್ಯಾಕ್ಕೆ ಹೋಗಬೇಕಿಲ್ಲ. ಧರ್ಮಸ್ಥಳದ ಶಾಂತಿವನದಂಥ ಪ್ರಕೃತಿ ಚಿಕಿತ್ಸಾಲಯಗಳು ನಮ್ಮಲ್ಲೇ ಇವೆ. ಬೇಕಾದ್ದು ಎರಡು ಮಾತು. ಕಂಪನಿಗಳು ವರ್ಷಕ್ಕೊಮ್ಮೆ ಹತ್ತು ದಿನದ ಸತತ ರಜೆಯನ್ನು ಕಡ್ಡಾಯ ಮಾಡಲಿ, ಅದನ್ನು ಕೊಳ್ಳದಿರಲಿ. ನಾವು ಊರಿನ ರಜೆ ಬೇರೆ, ಮೈಯ ರಜೆ ಬೇರೆ ಎಂದು ಬರೆದಿಡೋಣ. ಊರಿನ ಮದುವೆಗೆ ಹೋಗುವುದು ಕರ್ತವ್ಯ, ಸಂತೋಷವೂ ಹೌದು. ಆದರೆ ಅದನ್ನು ವಿಶ್ರಾಂತಿಯ ಖಾತೆಗೆ ಬರೆಯುವುದು ಸುಳ್ಳು ಲೆಕ್ಕ.

ಅವ್ವನಿಗೂ ಇದನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿಮ್ಮಪ್ಪಗ ಇದನ್ನ ಯಾರರ ಹೇಳಬೇಕಿತ್ತು’ ಎಂದಳು. ಕಳೆದ ವರ್ಷ ಒಂಬತ್ತು ದಿನ ಅವಳನ್ನೂ ಶಾಂತಿವನಕ್ಕೆ ಕರೆದುಕೊಂಡು ಹೋಗಿದ್ದೆ. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಅದು ಅವಳ ಮೊದಲ ರಜೆ.