ಉಳ್ಳಾಗಡ್ಡಿ ಖಾನಾಪುರದ ಕವಿ ಮತ್ತು ಕಾವ್ಯದ ಒಂದು ವರ್ಷ

ಪ್ರತಿ ವರ್ಷ ಮಾರ್ಚ್ 21ನ್ನು ವಿಶ್ವ ಕಾವ್ಯ ದಿನವೆಂದು ಆಚರಿಸಲಾಗುತ್ತದೆ. ಯುನೆಸ್ಕೋ ಈ ತೀರ್ಮಾನ ಕೈಗೊಂಡದ್ದು 1999ರಲ್ಲಿ. ಒಂದು ಜನತೆಯ ಸಂಪತ್ತನ್ನು ಅಳೆಯಲು ಬಜೆಟ್ ಇದೆ, ಸಂಖ್ಯೆಯನ್ನು ಅಳೆಯಲು ಜನಗಣತಿ ಇದೆ. ಆದರೆ ಅದರ ಅಂತರಂಗವನ್ನು ಅಳೆಯುವುದು ಹೇಗೆ? ಒಂದು ವರ್ಷದಲ್ಲಿ ಅದು ಯಾವ ಕವಿತೆಗೆ ಕಿವಿಗೊಟ್ಟಿತು, ಯಾವ ಕವಿತೆಗೆ ಹೆದರಿತು, ಯಾವ ಕವಿಯನ್ನು ನೆನೆಯಿತು ಎಂಬುದನ್ನು ನೋಡಿ ಬಹುಶಃ ಅಳೆಯಬಹುದು. 2025ನೇ ಇಸವಿಯನ್ನು ಈ ದೃಷ್ಟಿಯಿಂದ ಪರಿಶೀಲಿಸುವ ಅಗತ್ಯವಿದೆ. ಜಗತ್ತಿನ ಲೆಕ್ಕವನ್ನು ನೋಡಿದ ಬಳಿಕ ನಮ್ಮ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿಯ ಲೆಕ್ಕವನ್ನೂ ನೋಡೋಣ.

ಗಾಝಾದ ಇಸ್ಲಾಮಿಕ್ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಬೋಧಿಸುತ್ತಿದ್ದ ಕವಿ ರಿಫಾಅತ್ ಅಲ್ ಅರೀರ್ 2023ರ ಡಿಸೆಂಬರ್‌ನಲ್ಲಿ ಇಸ್ರೇಲ್‌ನ ದಾಳಿಗೆ ಬಲಿಯಾದರು. ಅವರು ತಮ್ಮ ಸಾವಿನ ಬಗ್ಗೆಯೇ ಬರೆದಿದ್ದ ಕವಿತೆಯೊಂದು ಅವರ ನಂತರ ಹತ್ತಾರು ಭಾಷೆಗಳಿಗೆ ಅನುವಾದಗೊಂಡು ಜಗತ್ತಿನ ಬೀದಿಬೀದಿಗಳಲ್ಲಿ ಓದಲ್ಪಟ್ಟಿತು. 2025ರ ಮೇ ತಿಂಗಳಲ್ಲಿ ಗಾಝಾದ ಇನ್ನೊಬ್ಬ ಕವಿ ಮೊಸಾಬ್ ಅಬೂ ತೋಹಾರಿಗೆ ಅಮೆರಿಕದ ಪುಲಿಟ್ಝರ್ ಪ್ರಶಸ್ತಿ ದೊರೆಯಿತು. ಅವರಿಗೆ ಪ್ರಶಸ್ತಿ ಬಂದದ್ದು ಕವಿತೆಗಲ್ಲ, ಗಾಝಾದ ಬದುಕಿನ ಕುರಿತ ಲೇಖನಗಳಿಗೆ. ಮನೆ, ಶಾಲೆ, ಆಸ್ಪತ್ರೆಗಳನ್ನು ಬಾಂಬ್ ಉರುಳಿಸಬಲ್ಲದು. ಆದರೆ ಉರುಳಿದ್ದೇನೆಂದು ಜಗತ್ತಿಗೆ ಹೇಳುವ ಮಾತನ್ನು ಅದು ಉರುಳಿಸಲಾರದು.

ನಮ್ಮ ದೇಶದಲ್ಲಿ ಇದೇ ವರ್ಷ ಕವಿತೆಯೊಂದು ಪೊಲೀಸ್ ಠಾಣೆಯ ಮೆಟ್ಟಿಲೇರಿತು. ಉರ್ದು ಕವಿ ಹಾಗೂ ರಾಜ್ಯಸಭಾ ಸದಸ್ಯ ಇಮ್ರಾನ್ ಪ್ರತಾಪ್‌ಗಢಿಯವರು ವೀಡಿಯೋವೊಂದಕ್ಕೆ ಕವಿತೆಯನ್ನು ಜೋಡಿಸಿ ಪ್ರಕಟಿಸಿದರೆಂದು ಗುಜರಾತಿನ ಜಾಮ್‌ನಗರದಲ್ಲಿ ಅವರ ಮೇಲೆ ಪ್ರಕರಣ ದಾಖಲಾಯಿತು. ಹೈಕೋರ್ಟ್ ಅದನ್ನು ರದ್ದುಪಡಿಸಲು ಒಪ್ಪಲಿಲ್ಲ. 2025ರ ಮಾರ್ಚ್ 28ರಂದು ಸುಪ್ರೀಮ್ ಕೋರ್ಟಿನ ನ್ಯಾಯಮೂರ್ತಿಗಳಾದ ಅಭಯ್ ಓಕಾ ಮತ್ತು ಉಜ್ಜಲ್ ಭುಯಾನ್‌ರ ಪೀಠ ರದ್ದುಪಡಿಸಿತು. ಕಾವ್ಯ, ನಾಟಕ, ವಿಡಂಬನೆಗಳು ಮನುಷ್ಯನ ಬದುಕಿಗೆ ಅರ್ಥ ತುಂಬುತ್ತವೆ ಎಂಬ ಆಶಯವನ್ನು ಪೀಠ ಎತ್ತಿ ಹಿಡಿಯಿತು. ಇಂತಹ ಪ್ರಕರಣ ನಮ್ಮ ರಾಜ್ಯಕ್ಕೂ ಹೊಸತಲ್ಲ. 2020ರ ಜನವರಿಯಲ್ಲಿ ಆನೆಗೊಂದಿ ಉತ್ಸವದ ಕವಿಗೋಷ್ಠಿಯಲ್ಲಿ ಪೌರತ್ವದ ದಾಖಲೆಗಳನ್ನು ಪ್ರಶ್ನಿಸುವ ಕವಿತೆ ಓದಿದ್ದಕ್ಕಾಗಿ ಕೊಪ್ಪಳದ ಸಿರಾಜ್ ಬಿಸರಳ್ಳಿ ಬಂಧನವನ್ನು ಎದುರಿಸಬೇಕಾಗಿ ಬಂದುದನ್ನು ನಾವು ಮರೆಯಬಾರದು.

ಹಾಗಂತ ಕವಿಗೆ ಹೆದರುವುದು ಒಂದೇ ಕಡೆಯವರ ಕಾಯಿಲೆಯೇ? ಅಲ್ಲ. 2025ರ ಆಗಸ್ಟ್ ಕೊನೆಯಲ್ಲಿ ಪಶ್ಚಿಮ ಬಂಗಾಳ ಉರ್ದು ಅಕಾಡೆಮಿಯ ಕಾರ್ಯಕ್ರಮಕ್ಕೆ ಕವಿ ಜಾವೇದ್ ಅಖ್ತರ್‌ರನ್ನು ಕರೆದದ್ದನ್ನು ಕೆಲವು ಮುಸ್ಲಿಂ ಸಂಘಟನೆಗಳು ವಿರೋಧಿಸಿದವು. ಕಾರ್ಯಕ್ರಮ ಮುಂದೂಡಲ್ಪಟ್ಟಿತು. ಅಖ್ತರ್‌ರ ನಾಸ್ತಿಕತೆಯನ್ನು ನಾವು ಒಪ್ಪಬೇಕಿಲ್ಲ. ಆದರೆ ವಾದಕ್ಕೆ ವಾದದಿಂದ ಉತ್ತರಿಸುವ ಬದಲು ವೇದಿಕೆಯನ್ನೇ ಮುಚ್ಚಿಸಲು ಹೊರಟರೆ, ನಾಳೆ ಇಮ್ರಾನ್‌ರ ಪರವಾಗಿಯೋ ಸಿರಾಜ್‌ರ ಪರವಾಗಿಯೋ ಮಾತನಾಡುವ ನೈತಿಕ ಬಲ ನಮಗೆಲ್ಲಿಂದ ಬರಬೇಕು?

ಕನ್ನಡದ ಮಟ್ಟಿಗೆ 2025 ಹೆಮ್ಮೆಯ ವರ್ಷ. ಮೇ 20ರಂದು ಬಾನು ಮುಷ್ತಾಕ್‌ರ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದದ ಮೂಲಕ, ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅದೇ ಸೆಪ್ಟೆಂಬರ್ 22ರಂದು ಅವರು ಮೈಸೂರು ದಸರಾವನ್ನು ಉದ್ಘಾಟಿಸುವುದಕ್ಕೆ ಅಡ್ಡಿಯೊಡ್ಡಿದವರು ಸುಪ್ರೀಮ್ ಕೋರ್ಟಿನವರೆಗೂ ಹೋಗಿ ಸೋತು ಮರಳಿದರು. ಮುಸ್ಲಿಮರಿಗೂ ಕನ್ನಡಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಆ ಎರಡು ತಿಂಗಳು ನಾಡಿನ ತುಂಬ ಸುತ್ತಿತು. ಈ ಪ್ರಶ್ನೆಗೆ ಉತ್ತರ ನಮ್ಮ ಹುಕ್ಕೇರಿ ತಾಲೂಕಿನಲ್ಲೇ ಇತ್ತು. ಅದನ್ನು ಎತ್ತಿ ತೋರಿಸಬೇಕಾದವರು ನಾವಾಗಿದ್ದೆವು.

ಆ ಉತ್ತರದ ಹೆಸರು ಡಾ. ಎಂ. ಅಕಬರ ಅಲಿ. 1925ರ ಮಾರ್ಚ್ 3ರಂದು ಉಳ್ಳಾಗಡ್ಡಿ ಖಾನಾಪುರದಲ್ಲಿ ಹುಟ್ಟಿದ ಇವರು ಕನ್ನಡ ಓದಿ, ಕನ್ನಡ ಅಧ್ಯಾಪಕರಾಗಿ, ಸರ್ವಜ್ಞನ ಮೇಲೆ ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದವರು. ‘ಸುಮನ ಸೌರಭ’, ‘ಗಂಧಕೇಶರ’ ಮುಂತಾದ ಸಂಕಲನಗಳನ್ನು ಕೊಟ್ಟವರು. ನಾಲ್ಕು ಸಾಲಿನಲ್ಲಿ ಸಮಾಜದ ಕಪಟವನ್ನು ಬಯಲಿಗೆಳೆಯುವ ಚುಟುಕವನ್ನು ಕನ್ನಡದಲ್ಲಿ ಬೆಳೆಸಿದವರ ಸಾಲಿನಲ್ಲಿ ದಿನಕರ ದೇಸಾಯಿಯವರೊಂದಿಗೆ ಇವರ ಹೆಸರೂ ಇದೆ. 2016ರ ಫೆಬ್ರವರಿಯಲ್ಲಿ ನಿಧನರಾದರು. 2025 ಇವರ ಜನ್ಮ ಶತಮಾನೋತ್ಸವದ ವರ್ಷ. ನಮ್ಮ ಮೊಹಲ್ಲಾಗಳ ಎಷ್ಟು ಮಕ್ಕಳಿಗೆ ಈ ಹೆಸರು ಗೊತ್ತಿದೆ? ಎಷ್ಟು ಮಸೀದಿ ಕಮಿಟಿಗಳು, ಎಷ್ಟು ಅಂಜುಮನ್‌ಗಳು, ಎಷ್ಟು ಉರ್ದು ಶಾಲೆಗಳು ಈ ಹೆಸರನ್ನು ಒಮ್ಮೆಯಾದರೂ ಉಚ್ಚರಿಸಿವೆ?

ಇವರು ಬಂಜರು ಭೂಮಿಯಲ್ಲಿ ಹುಟ್ಟಿದ ಕವಿಯಲ್ಲ. ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಕೃಷ್ಣಶರ್ಮರು ‘ಆನಂದಕಂದ’ರಾಗಿ ಈ ಸೀಮೆಯ ಆಡುಮಾತಿಗೆ ಕಾವ್ಯದ ಮನ್ನಣೆ ತಂದರು. ಅವರಿಗೆ 2025ರಲ್ಲಿ ನೂರಿಪ್ಪತ್ತೈದು ತುಂಬಿತು. ಗೋಕಾಕದಿಂದ ಬೇರ್ಪಟ್ಟು ತಾಲೂಕಾದ ಮೂಡಲಗಿಯ ಕಡೆಗೆ ಕುಲಗೋಡವಿದೆ. ‘ಶ್ರೀಕೃಷ್ಣ ಪಾರಿಜಾತ’ವನ್ನು ಬಯಲಾಟವಾಗಿ ಬೆಳೆಸಿದ ತಮ್ಮಣ್ಣನ ಊರದು. ಹುಕ್ಕೇರಿ ತಾಲೂಕಿನ ಘೋಡಗೇರಿಯ ಕಮ್ಮಾರರ ಮನೆಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಗೋಕಾಕದಲ್ಲಿ ಶಾಲೆ ಕಲಿತರು. 1964ರಲ್ಲಿ ‘ಹೇಳತೇನ ಕೇಳ’ ಪ್ರಕಟಿಸಿದರು. 2010ನೇ ಸಾಲಿನ ಜ್ಞಾನಪೀಠವನ್ನು ಈ ನೆಲಕ್ಕೆ ತಂದರು. ಒಬ್ಬ ಶರ್ಮ, ಒಬ್ಬ ಕಂಬಾರ, ಒಬ್ಬ ಅಲಿ. ಒಂದೇ ಘಟಪ್ರಭೆಯ ಸೀಮೆಯ ಈ ಮೂವರನ್ನು ಒಟ್ಟಿಗೆ ನೆನೆಯಲು ನಮಗೆ ಸಾಧ್ಯವಾಗದಿದ್ದರೆ ಸೌಹಾರ್ದದ ಕುರಿತ ನಮ್ಮ ಭಾಷಣಗಳಿಗೆ ಏನು ಬೆಲೆ?

ಈ ಮರೆವಿಗೆ ಕಾರಣಗಳಿವೆ. ಬೆಳಗಾವಿ ಜಿಲ್ಲೆಯ ಮುಸ್ಲಿಮನಿಗೆ ಮನೆಯಲ್ಲಿ ದಖನಿ, ಹೊಲದಲ್ಲಿ ಕನ್ನಡ, ಪೇಟೆಯಲ್ಲಿ ಹಲವು ಸಲ ಮರಾಠಿ. ಇದು ನಿಜಕ್ಕೂ ಸಂಪತ್ತು. ಆದರೆ ಉರ್ದು ಧರ್ಮದ ಭಾಷೆ, ಕನ್ನಡ ಬರೀ ವ್ಯವಹಾರದ ಭಾಷೆ ಎಂಬ ತಪ್ಪು ಕಲ್ಪನೆ ನಮ್ಮಲ್ಲಿ ಬೇರೂರಿದೆ. ಇಕ್ಬಾಲ್, ಹಾಲಿಯನ್ನು ಓದುವ ಮಗು ಅಕಬರ ಅಲಿಯನ್ನು ಓದುವುದಿಲ್ಲ. ಉರ್ದುವನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಅಲ್ಲಾಹನು ಪ್ರತಿಯೊಬ್ಬ ಪ್ರವಾದಿಯನ್ನೂ ಆಯಾ ಜನತೆಯ ಭಾಷೆಯಲ್ಲೇ ಕಳುಹಿಸಿದನೆಂದು ಕುರ್‌ಆನ್ ಕಲಿಸುವಾಗ, ನೆರೆಯವನ ಭಾಷೆಯನ್ನು ಅಂಗಡಿಗಷ್ಟೇ ಸೀಮಿತಗೊಳಿಸುವುದು ಎಲ್ಲಿಯ ನ್ಯಾಯ?

ಕಾವ್ಯವೇ ಇಸ್ಲಾಮಿಗೆ ಒಗ್ಗದು ಎಂಬ ಅನುಮಾನ ಇನ್ನೊಂದು. ಕವಿಗಳ ಹೆಸರಿನಲ್ಲೇ ಇರುವ ‘ಅಶ್ಶುಅರಾ’ ಅಧ್ಯಾಯ ದಾರಿ ತಪ್ಪಿದ ಕವಿಗಳನ್ನು ಟೀಕಿಸುತ್ತದೆ ನಿಜ. ಆದರೆ ಅಲ್ಲೇ, ವಿಶ್ವಾಸವಿಟ್ಟು ಸತ್ಕರ್ಮ ಮಾಡಿದವರನ್ನೂ ಅನ್ಯಾಯಕ್ಕೊಳಗಾಗಿ ಅದನ್ನು ಎದುರಿಸಿದವರನ್ನೂ ಅದು ಹೊರತುಪಡಿಸುತ್ತದೆ. ಪ್ರವಾದಿ(ಸ)ಯವರು ಹಸ್ಸಾನ್ ಬಿನ್ ಸಾಬಿತ್‌ರಿಗೆ ಮಸೀದಿಯಲ್ಲೇ ಪೀಠ ಹಾಕಿಸಿದರು. ಅನ್ಯಾಯದ ವಿರುದ್ಧದ ಕವಿತೆಗೆ ಮಸೀದಿಯಲ್ಲೇ ಸ್ಥಾನವಿದ್ದ ಪರಂಪರೆ ನಮ್ಮದು.

ಇಲ್ಲಿ ಸೂಕ್ಷ್ಮವಾದ ವಿಷಯವೊಂದನ್ನು ಪ್ರಸ್ತಾಪಿಸಲೇಬೇಕು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮುಹರ್ರಮ್ ಸಂದರ್ಭದಲ್ಲಿ ರಿವಾಯತ್ ಪದಗಳನ್ನು ಹಾಡಲಾಗುತ್ತದೆ. ಕ್ರಿಸ್ತಶಕ 680ರಲ್ಲಿ ಕರ್ಬಲಾದಲ್ಲಿ ಇಮಾಮ್ ಹುಸೈನ್(ರ) ಅನುಭವಿಸಿದ್ದನ್ನು ಅವು ಅಚ್ಚಗನ್ನಡದಲ್ಲಿ ಹೇಳುತ್ತವೆ. ಶಿಶುನಾಳ ಶರೀಫರೂ ಇಂತಹ ಪದಗಳನ್ನು ಕಟ್ಟಿದವರು. ಹಾಡುವವರಲ್ಲಿ ಹಿಂದೂಗಳೂ ಇದ್ದಾರೆ. ಪಂಜಾ ಕೂರಿಸುವ, ಕೆಂಡ ಹಾಯುವ ಆಚರಣೆಗಳನ್ನು ಸುಧಾರಣಾವಾದಿಗಳು ವಿರೋಧಿಸಿದ್ದಾರೆ. ಆ ನಿಲುವಿನಲ್ಲಿ ರಾಜಿ ಬೇಕಿಲ್ಲ. ಆದರೆ ಆಚರಣೆ ಬೇರೆ, ಅದರ ಜೊತೆಗೆ ಬೆಳೆದ ಪದ ಬೇರೆ. ದೊರೆಯ ದಬ್ಬಾಳಿಕೆಗೆ ತಲೆಬಾಗದ ಒಬ್ಬ ಮನುಷ್ಯನ ಕತೆಯನ್ನು ಕನ್ನಡದ ರೈತನ ಕಣ್ಣು ತೇವವಾಗುವಂತೆ ಹೇಳಿದ ಆ ಪದಗಳನ್ನೂ ಆಚರಣೆಯೊಂದಿಗೆ ಗುಡಿಸಿ ಹಾಕಿದರೆ ನಷ್ಟ ಯಾರಿಗೆ? ಅವು ಬಹುಪಾಲು ಬರವಣಿಗೆಯಲ್ಲಿಲ್ಲ, ಹಾಡುವವರ ನಾಲಗೆಯಲ್ಲಿವೆ. ಒಬ್ಬ ಹಾಡುಗಾರ ಕಣ್ಣು ಮುಚ್ಚಿದರೆ ಅವನಿಗೆ ಗೊತ್ತಿದ್ದ ಪದಗಳೂ ಅವನೊಂದಿಗೆ ಮಣ್ಣಾಗುತ್ತವೆ.

ಪರಿಹಾರ ಕಷ್ಟದ್ದಲ್ಲ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಹಳ್ಳಿಯ ಹೆಂಗಸರ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ಆ ಬಳಗದಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣರೊಂದಿಗೆ ಧೂಲಾಸಾಹೇಬರೂ ಇದ್ದರು. ಅವರ ಕೈಯಲ್ಲಿದ್ದುದು ಕಾಗದ, ಲೇಖನಿ ಮಾತ್ರ. ಇಂದು ನಮ್ಮ ಪ್ರತಿ ತರುಣನ ಜೇಬಿನಲ್ಲೂ ಧ್ವನಿ, ಚಿತ್ರ ಎರಡನ್ನೂ ದಾಖಲಿಸುವ ಮೊಬೈಲ್ ಇದೆ. ಮೂರೂ ತಾಲೂಕುಗಳ ತರುಣರು ತಮ್ಮ ಊರಿನ ಹಿರಿಯ ಹಾಡುಗಾರರ ಮುಂದೆ ಕುಳಿತು, ಅವರ ಒಪ್ಪಿಗೆ ಪಡೆದು, ಪದಗಳನ್ನು ದಾಖಲಿಸಲಿ, ಬರೆದಿಡಲಿ. ಮದ್ರಸಗಳಲ್ಲಿ ವಾರಕ್ಕೊಮ್ಮೆ ನಡೆಯುವ ವಿದ್ಯಾರ್ಥಿ ಅಂಜುಮನ್‌ನಲ್ಲಿ ನಅತ್, ತಕ್ರೀರ್‌ಗಳ ಜೊತೆ ಒಂದು ಕನ್ನಡ ಕವಿತೆಗೂ ಅವಕಾಶ ಸಿಗಲಿ. ಜಮಾಅತ್‌ಗಳು ಅಕಬರ ಅಲಿಯವರ ಪುಸ್ತಕಗಳನ್ನು ಹುಡುಕಿ ಶಾಲೆಗಳಿಗೆ ತಲುಪಿಸಲಿ. ಮರುಮುದ್ರಣ ಬೇಕಿದ್ದರೆ ಕನ್ನಡದ ಅಕಾಡೆಮಿಗಳ ಮುಂದೆ ಬೇಡಿಕೆ ಇಡಲಿ. ಮಾರ್ಚ್ ಪರೀಕ್ಷೆಯ ಕಾಲ, ಕೆಲವು ವರ್ಷ ರಮಝಾನ್ ಕೂಡ. ಆದ್ದರಿಂದ ನವೆಂಬರಿನ ರಾಜ್ಯೋತ್ಸವದ ತಿಂಗಳಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ವರ್ಷಕ್ಕೊಂದೂರಿನಂತೆ ಕವಿಗೋಷ್ಠಿಯೂ ಮುಷಾಯಿರಾವೂ ಒಂದೇ ವೇದಿಕೆಯಲ್ಲಿ ನಡೆಯಲಿ. ಹೆಣ್ಣುಮಕ್ಕಳು ಅಲ್ಲಿ ಪ್ರೇಕ್ಷಕರಾಗಿ ಮಾತ್ರವಲ್ಲ, ಕವಿಗಳಾಗಿ ಬರಲಿ. ಪ್ರವಾದಿ(ಸ)ಯವರ ಕಾಲದಲ್ಲಿ ಖನ್ಸಾ(ರ) ಎಂಬ ಕವಯಿತ್ರಿ ಇದ್ದರೆಂಬುದನ್ನು ಆಕ್ಷೇಪಿಸುವವರು ಓದಿಕೊಳ್ಳಲಿ.

ಮುಸ್ಲಿಮರು ಕನ್ನಡಕ್ಕೆ ಏನು ಕೊಟ್ಟಿದ್ದಾರೆ ಎಂದು ಕೇಳುವವರು ಮುಂದೆಯೂ ಕೇಳುತ್ತಲೇ ಇರುತ್ತಾರೆ. ಅವರ ಮೇಲೆ ಸಿಟ್ಟಾಗುವುದರಲ್ಲಿ ಪ್ರಯೋಜನವಿಲ್ಲ. ಉಳ್ಳಾಗಡ್ಡಿ ಖಾನಾಪುರದ ಹೆಸರು ಹೇಳಿ, ಅಲ್ಲಿ ಹುಟ್ಟಿದ ಕವಿಯ ಒಂದು ಚುಟುಕವನ್ನು ನಮ್ಮ ಮಗು ಅವರೆದುರು ನೋಡದೆ ಹೇಳುವಂತಾದರೆ ಸಾಕು. ಆ ಮಗುವನ್ನು ತಯಾರು ಮಾಡುವ ಹೊಣೆ ನ್ಯಾಯಾಲಯದ್ದಲ್ಲ, ಸರಕಾರದ್ದೂ ಅಲ್ಲ, ನಮ್ಮದು.